ಹುಲ್ಲಿಗೆ ಯಂತ್ರ, ಮನುಷ್ಯನಿಗೆ ಬಾಗಿಲು

ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿಯಲ್ಲಿ ಬಹಳ ಉತ್ಸಾಹದಿಂದ ಮಾತನಾಡಿದ. ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾಂಗಣಕ್ಕೆ ರಾಜ್ಯ ಸಚಿವ ಸಂಪುಟವು 2025ರಲ್ಲಿ ಒಪ್ಪಿಗೆ ನೀಡಿತಲ್ಲ, ಆ ವಿಚಾರ. ಅಮೆರಿಕದ ಫಿಲಡೆಲ್ಫಿಯಾದ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ 2023ರಿಂದಲೇ ಕ್ಯಾಮೆರಾ ಮುಖ ನೋಡಿ ಒಳಗೆ ಬಿಡುತ್ತಿದೆಯಂತೆ. ‘ಗುರುಗಳೇ, ನಮ್ಮಲ್ಲೂ ಮುಖವೇ ಟಿಕೆಟ್ ಆಗುವ ಕಾಲ ಬಂತು’ ಎಂದ. ಅವನ ಉತ್ಸಾಹವನ್ನು ಗೌರವಿಸುತ್ತೇನೆ. ಆದರೆ ಅವನ ವಾದವನ್ನು ಒಪ್ಪಲಾರೆ. ಅದಕ್ಕೇ ಈ ಬರಹ.

ಮೊದಲೇ ಹೇಳಿಬಿಡುತ್ತೇನೆ, ನಾನು ಯಂತ್ರದ್ವೇಷಿಯಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದ ಮೊದಲ ಟೆಸ್ಟ್ ಪಂದ್ಯ ನಡೆದದ್ದು 1974ರ ನವೆಂಬರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಗಾರ್ಡನ್ ಗ್ರೀನಿಜ್ ತನ್ನ ಮೊದಲ ಟೆಸ್ಟ್‌ನಲ್ಲಿಯೇ 93 ಮತ್ತು 107 ಓಟ ಗಳಿಸಿದ. ಅದೇ ಪಂದ್ಯದಲ್ಲಿ ಮೊದಲ ಬಾರಿಗೆ ಆಡಿದ ವಿವಿಯನ್ ರಿಚರ್ಡ್ಸ್‌ನನ್ನು ನಮ್ಮ ಚಂದ್ರಶೇಖರ್ ಎರಡೂ ಸರದಿಯಲ್ಲಿ ಹಿಂದಕ್ಕೆ ಕಳಿಸಿದರು. ಇದನ್ನೆಲ್ಲ ನಾನು ಕಂಡವನಲ್ಲ, ಕೇಳಿದವನು. ಹೇಮಗುಡ್ಡದಂಥ ಊರಿಗೆ ಕ್ರಿಕೆಟ್ಟನ್ನು ತಂದದ್ದೇ ರೇಡಿಯೋ ಎಂಬ ಯಂತ್ರ. 1996ರ ವಿಶ್ವಕಪ್ಪಿನ ಭಾರತ–ಪಾಕಿಸ್ತಾನ ಪಂದ್ಯವು ಅಲ್ಲಿ ಹೊನಲು ಬೆಳಕಿನಲ್ಲಿ ನಡೆದಾಗ ನಾನೂ ಹಿಗ್ಗಿದೆ. 2015ರಲ್ಲಿ ಚಾವಣಿಯ ಮೇಲೆ ಸೌರಫಲಕಗಳನ್ನು ಹೂಡಿದಾಗ ಅದನ್ನು ಮೆಚ್ಚಿ ಮಾತನಾಡಿದವನೂ ನಾನೇ.

2017ರಲ್ಲಿ ಅಲ್ಲಿಗೆ ‘ಸಬ್‌ಏರ್’ ಎಂಬ ವ್ಯವಸ್ಥೆ ಬಂದಿತು. ಹುಲ್ಲಿನ ಕೆಳಗೆ ಕೊಳವೆಗಳ ಜಾಲ, ಮಳೆ ಬಿದ್ದರೆ ನೀರನ್ನು ಹೀರಿ ಹೊರಹಾಕುವ ಯಂತ್ರ. ನಿಮಿಷಕ್ಕೆ 10,000 ಲೀಟರ್ ಎಂದು ಆಗಿನ ವರದಿಗಳು ಹೇಳಿದವು. ಜಗತ್ತಿನ ಕ್ರಿಕೆಟ್ ಮೈದಾನಗಳಲ್ಲಿಯೇ ಇದು ಮೊದಲು. ಒಳ್ಳೆಯದೇ. ಮಳೆ ನಿಂತರೆ ಆಟ ಬೇಗ ಶುರುವಾಗುತ್ತದೆ. (ಮಳೆ ನಿಲ್ಲದಿದ್ದರೆ ಯಾವ ಯಂತ್ರವೂ ಇಲ್ಲ. 2025ರ ಮೇ 17ರ ಪಂದ್ಯವು ನಾಣ್ಯ ಚಿಮ್ಮುವ ಶಾಸ್ತ್ರವೂ ಆಗದೆ ಮುಗಿಯಿತು.) ನೆಲಕ್ಕೆ ಬಿದ್ದ ನೀರು ಎಲ್ಲಿಂದ, ಎಷ್ಟು ಹೊತ್ತಿನಲ್ಲಿ ಹೊರಗೆ ಹರಿಯಬೇಕೆಂದು ಅಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದವರು ನಾವು.

ಅದೇ ಕ್ರೀಡಾಂಗಣದ ಬಾಗಿಲುಗಳ ಬಳಿ 2025ರ ಜೂನ್ 4ರಂದು ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಸತ್ತರು. ಹೆಚ್ಚಿನವರು ಎಳೆಯ ವಯಸ್ಸಿನವರು. ಹದಿನೆಂಟು ವರ್ಷ ಕಾದ ತಂಡ ಹಿಂದಿನ ದಿನವಷ್ಟೇ ಕಪ್ ಗೆದ್ದಿತ್ತು. ವಿಜಯೋತ್ಸವದ ಕರೆ ಬೆಳಿಗ್ಗೆ ಜಾಲತಾಣದಲ್ಲಿ ಹೊರಟಿತು. ಮಧ್ಯಾಹ್ನದೊಳಗೆ ಜನಸಾಗರವೇ ಸೇರಿತು. 35,000 ಜನ ಹಿಡಿಸುವ ಕಡೆಗೆ ಎರಡು ಮೂರು ಲಕ್ಷ ಜನ ಬಂದರೆಂದು ಮುಖ್ಯಮಂತ್ರಿಗಳೇ ಹೇಳಿದರು. ಕ್ಷಣಮಾತ್ರದಲ್ಲಿ ಲಕ್ಷಾಂತರ ಜನರನ್ನು ಕರೆಯುವ ತಂತ್ರಜ್ಞಾನ ಕೈಯಲ್ಲಿತ್ತು. ಬಂದವರನ್ನು ನಿಲ್ಲಿಸುವ, ಹಿಂದಕ್ಕೆ ಕಳಿಸುವ ಏರ್ಪಾಡು ಇರಲಿಲ್ಲ.

‘ಅದಕ್ಕೇ ಗುರುಗಳೇ ಹೊಸ ಕ್ಯಾಮೆರಾ’ ಎನ್ನುತ್ತಾನೆ ನನ್ನ ಶಿಷ್ಯ. ಹಳೆಯ ಕ್ರೀಡಾಂಗಣದಲ್ಲಿ ಕೃತಕ ಬುದ್ಧಿಮತ್ತೆಯ 300ಕ್ಕೂ ಹೆಚ್ಚು ಕ್ಯಾಮೆರಾಗಳನ್ನು ಅಳವಡಿಸುವ ಪ್ರಸ್ತಾವವು 2026ರ ಜನವರಿಯಲ್ಲಿ ಬಂದದ್ದು ನಿಜ. ಕ್ಯಾಮೆರಾ ಗುಂಪನ್ನು ಎಣಿಸೀತು. ಎಣಿಸಿದ ಮೇಲೆ ಆ ಗುಂಪು ಸರಿಯಲು ಜಾಗ ಬೇಡವೇ? ಇನ್ನು ಮುಖ ನೋಡುವ ಯಂತ್ರಕ್ಕೆ ಗುರುತು ಸಿಗುವುದು ಟಿಕೆಟ್ ಕೊಂಡವನದು ಮಾತ್ರ. ಜೂನ್ 4ರಂದು ಬಾಗಿಲ ಹೊರಗೆ ಉಸಿರುಗಟ್ಟಿದವರಿಗೆ ಅದರಿಂದ ಏನಾಗುತ್ತಿತ್ತು?

ಹಳೆಯ ಮೇಷ್ಟ್ರು, ಲೆಕ್ಕ ಕೊಡದೆ ಬಿಡುವುದಿಲ್ಲ. ಒಬ್ಬ ಒಳಗೆ ಹೋಗಲು ಮೂರು ಸೆಕೆಂಡು ಎಂದಿಟ್ಟುಕೊಳ್ಳಿ. ಒಂದು ಬಾಗಿಲಿನಲ್ಲಿ ಗಂಟೆಗೆ 1,200 ಜನ. 80,000 ಜನ ಎರಡು ಗಂಟೆಯಲ್ಲಿ ಒಳಸೇರಲು 34 ಬಾಗಿಲು ಸಾಕು. ಫೋನಿನ ಬೆಳಕು ಸಾಲದೆ, ಜಾಲ ಸಿಗದೆ ಒಬ್ಬೊಬ್ಬನಿಗೆ ಹತ್ತು ಸೆಕೆಂಡು ಹಿಡಿದರೆ ಗಂಟೆಗೆ ಬರೀ 360. ಆಗ 112 ಬಾಗಿಲು ಬೇಕು. ಯಂತ್ರ ಚುರುಕಾದರೆ ಬಾಗಿಲು ಕಡಿಮೆ ಸಾಕು ಎಂದು ಗುತ್ತಿಗೆದಾರ ಇಲ್ಲಿಯೇ ಹೇಳುತ್ತಾನೆ. ಆದರೆ ಒಳಗೆ ಹೋದವರು ಹೊರಗೂ ಬರಬೇಕು. ಆಗ ಯಾರೂ ಮುಖ ತೋರಿಸಿ ಸಾಲು ನಿಲ್ಲುವುದಿಲ್ಲ, ಎಲ್ಲರೂ ಒಮ್ಮೆಗೇ ಏಳುತ್ತಾರೆ. ಮೆಟ್ರೊ ರೈಲು 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಬಂದಿದೆ. ಅಲ್ಲಿಂದ ಮುಂದಿನ ಹಾದಿಯನ್ನು ನಡುರಾತ್ರಿಯಲ್ಲಿ 80,000 ಜನ ಹೇಗೆ ಸವೆಸುತ್ತಾರೆ ಎಂಬುದು ದೊಡ್ಡ ಪರದೆಯ ಉದ್ದಗಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ.

ಜನಸಂದಣಿ ನಮಗೆ ಹೊಸದಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ತೇರಿನ ದಿನ ಲಕ್ಷಾಂತರ ಜನ ಸೇರುತ್ತಾರೆ. ನಮ್ಮೂರ ದುರ್ಗಮ್ಮನ ದಸರಾ ಜಂಬೂಸವಾರಿಗೂ ಸುತ್ತಲಿನ ಹಳ್ಳಿಗಳ ಜನ ಬರುತ್ತಾರೆ. ಜಾತ್ರೆಯಲ್ಲಿ ಅವಘಡವೇ ಆಗದು ಎಂದು ನಾನು ಹೇಳುತ್ತಿಲ್ಲ. ಆದರೆ ಗವಿಮಠದ ತೇರು ಎಳೆಯುವುದು ಬಯಲಿನಲ್ಲಿ. ಅದರ ದಿನ ಯಾವುದೆಂದು ಜನರಿಗೆ ಬಹಳ ಮೊದಲೇ ಗೊತ್ತು. ಬಂದವನಿಗೆ ಊಟವಿದೆ, ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿ ಗಾಡಿ ತುಂಬಿ ಬರುತ್ತದೆ. ಅಲ್ಲಿ ಬಂದವನು ಅತಿಥಿ. ಕ್ರೀಡಾಂಗಣದಲ್ಲಿ ಅವನು ಗಿರಾಕಿ, ಅದೂ ಚಪ್ಪಾಳೆ ಯಾವಾಗ ತಟ್ಟಬೇಕೆಂದು ಪರದೆಯಿಂದ ಹೇಳಿಸಿಕೊಳ್ಳಬೇಕಾದ ಗಿರಾಕಿ.

ಆ ಪರದೆಯಲ್ಲಿ ಅಂಪೈರ್ ತೀರ್ಪಿನ ಮರುಪರಿಶೀಲನೆಯನ್ನು ಎಲ್ಲರೂ ನೋಡುವಂತಾದದ್ದು ದೊಡ್ಡ ಉಪಕಾರವೆಂದು ಒಪ್ಪುತ್ತೇನೆ. ಆದರೆ ಓವರು ಓವರಿಗೆ ಕಿವಿಗಡಚಿಕ್ಕುವ ಹಾಡು ಏಕೆ? ಬ್ಯಾಟಿಗೆ ಚೆಂಡು ತಗಲುವ ಆ ಸದ್ದು ರೇಡಿಯೋದಲ್ಲಿ ನಮಗೆ ಕೇಳಿಸುತ್ತಿತ್ತು.

ಲೋಕೋಪಯೋಗಿ ಇಲಾಖೆಯಲ್ಲಿ, ಕಂಪ್ಯೂಟರ್ ಕಂಪನಿಗಳಲ್ಲಿ ನನ್ನ ಶಿಷ್ಯರು ಹಲವರಿದ್ದೀರಿ. ಈ ಹೊಸ ಕ್ರೀಡಾಂಗಣದ ನಕ್ಷೆ ನಿಮ್ಮಲ್ಲಿ ಯಾರ ಮೇಜಿಗಾದರೂ ಬಂದರೆ, ಕ್ಯಾಮೆರಾಗಳ ಪುಟವನ್ನು ಆಮೇಲೆ ತೆರೆಯಿರಿ. ಮೊದಲು ಹೊರಬಾಗಿಲುಗಳನ್ನು ಎಣಿಸಿ, ಅಗಲ ಅಳೆಯಿರಿ. ಬಾಗಿಲ ಹೊರಗೆ ಎಷ್ಟು ಬಯಲು ಬಿಟ್ಟಿದ್ದಾರೆ ನೋಡಿ. ಕುಡಿಯುವ ನೀರು ಎಲ್ಲಿ, ಹೆಣ್ಣುಮಕ್ಕಳ ಶೌಚಾಲಯ ಎಷ್ಟು, ಫೋನಿಲ್ಲದ ಮುದುಕನಿಗೆ ಕಾಗದದ ಟಿಕೆಟ್ ಉಂಟೇ, ಫಲಕಗಳು ಕನ್ನಡದಲ್ಲಿವೆಯೇ ಎಂದು ಕೇಳಿ. ಉತ್ತರ ಬರೆಸಿಕೊಳ್ಳದೆ ರುಜು ಹಾಕಬೇಡಿ.