ಗಡಿಯಾರದೊಡನೆ ಪಂದ್ಯ



ಸೈಕಲ್ಲು ನಮ್ಮ ಸಂಸಾರಗಳಲ್ಲಿ ಬಹುಕಾಲದಿಂದಲೂ ದುಡಿಮೆಯ ಒಡನಾಡಿಯಾಗಿ ನಡೆದುಬಂದಿದೆ. ಹಾಲಿನ ಕ್ಯಾನು, ಗಿರಣಿಗೆ ಹೋಗುವ ಜೋಳದ ಚೀಲ, ಶಾಲೆಯ ಪುಸ್ತಕದ ಗಂಟು, ಇವುಗಳನ್ನೆಲ್ಲ ಅದು ಮರುಮಾತಿಲ್ಲದೆ ಹೊತ್ತಿರುವದು. ರಾಜ್ಯ ಸರಕಾರವು ೨೦೦೬-೦೭ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದ ಬಳಿಕ ಹಳ್ಳಿಯ ಹೆಣ್ಣುಮಕ್ಕಳು ಸಹ ಸಾಲುಗಟ್ಟಿ ಸೈಕಲ್ಲಿನ ಮೇಲೆ ಪ್ರೌಢಶಾಲೆಗೆ ಹೋದುದನ್ನು ನಾವೆಲ್ಲರೂ ಕಂಡಿದ್ದೇವೆ. ಇಂಥ ಮನೆಯಲ್ಲಿ ಬೆಳೆದ ಮಗನೋ ಮಗಳೋ ಒಂದು ದಿನ, "ನಾನು ಟೈಮ್ ಟ್ರಯಲ್ ಪಂದ್ಯಕ್ಕೆ ಹೋಗುತ್ತೇನೆ, ರೇಸಿನ ಸೈಕಲ್ಲು ಕೊಡಿಸಿರಿ" ಎಂದು ಕೇಳಿದರೆ, ತಂದೆಯು ತನ್ನ ಹಣದ ಚೀಲವನ್ನು ನೆನೆಯುತ್ತಾನೆ. ತಾಯಿಯು ಹುಮನಾಬಾದ ರಸ್ತೆಯ ಲಾರಿಗಳನ್ನು ನೆನೆಯುತ್ತಾಳೆ. ಇಬ್ಬರ ಚಿಂತೆಯೂ ಸಕಾರಣವಾದದ್ದೇ. ಈ ತಿಂಗಳು ನಾವು ಕಲಬುರಗಿಯಿಂದ ಕಮಲಾಪುರದವರೆಗಿನ ಹಾದಿಯನ್ನು ಕಣ್ಣ ಮುಂದಿಟ್ಟುಕೊಂಡು ಆ ಎರಡು ಚಿಂತೆಗಳನ್ನೂ ವಿಚಾರಿಸಬೇಕೆಂದಿದ್ದೇವೆ.

ಮೊದಲು ಈ ಪಂದ್ಯದ ಸ್ವರೂಪವನ್ನು ತಿಳಿಯೋಣ. ಟೈಮ್ ಟ್ರಯಲ್ ಎಂದರೆ ಕಾಲಪರೀಕ್ಷೆ. ಇದರಲ್ಲಿ ಎಲ್ಲರೂ ಒಟ್ಟಿಗೆ ಹೊರಡುವದಿಲ್ಲ. ಸಾಮಾನ್ಯವಾಗಿ ನಿಮಿಷಕ್ಕೊಬ್ಬರಂತೆ ಸವಾರರನ್ನು ಬಿಡುತ್ತಾರೆ. ಗೊತ್ತುಪಡಿಸಿದ ದೂರವನ್ನು ಯಾರು ಅತ್ಯಲ್ಪ ಕಾಲದಲ್ಲಿ ಮುಗಿಸುವರೋ ಅವರೇ ಗೆದ್ದವರು. ಮುಂದಿನವನ ಬೆನ್ನ ಮರೆಯಲ್ಲಿ ನುಸುಳಿ ಗಾಳಿಯಿಂದ ತಪ್ಪಿಸಿಕೊಳ್ಳುವದು ಇಲ್ಲಿ ನಿಷಿದ್ಧ. ಆದಕಾರಣ ಎದುರಾಳಿಯೆಂದರೆ ಗಡಿಯಾರವೊಂದೇ. ಇನ್ನೂ ನಿಜ ಹೇಳಬೇಕಾದರೆ, ಹೋದ ತಿಂಗಳಿನ ನಾವೇ.

ಈ ಪದ್ಧತಿಯ ಹುಟ್ಟು ಬಹು ಸ್ವಾರಸ್ಯವಾದದ್ದು. ೧೮೯೪ರಲ್ಲಿ ಇಂಗ್ಲೆಂಡಿನ ಉತ್ತರದ ಹೆದ್ದಾರಿಯಲ್ಲಿ ನಡೆದ ಒಂದು ಓಟದ ಪಂದ್ಯದಲ್ಲಿ ಸವಾರರನ್ನು ಕಂಡು ಗಾಡಿಯ ಕುದುರೆಯೊಂದು ಬೆದರಿತು; ಗಾಡಿಯಲ್ಲಿದ್ದ ಮಹಿಳೆಯು ಪೋಲೀಸರಿಗೆ ದೂರು ಕೊಟ್ಟಳು; ರಸ್ತೆಯ ಪಂದ್ಯಗಳಿಗೇ ಸಂಚಕಾರ ಬಂದಿತು. ಆ ಪಂದ್ಯದಲ್ಲಿದ್ದ ಬಿಡ್‌ಲೇಕ್ ಎಂಬಾತನು ಮರುವರ್ಷ, ಅಂದರೆ ೧೮೯೫ರಲ್ಲಿ, ಒಬ್ಬೊಬ್ಬರನ್ನೇ ಅಂತರವಿಟ್ಟು ಬಿಡುವ ಈ ಕ್ರಮವನ್ನು ಆಚರಣೆಗೆ ತಂದನು. ಮುಂದೆ ಅನೇಕ ವರ್ಷಗಳವರೆಗೆ ಅಲ್ಲಿಯ ಸವಾರರು ಅಡಿಯಿಂದ ಮುಡಿಯವರೆಗೆ ಕಪ್ಪು ಉಡುಪು ತೊಟ್ಟು, ಯಾರಿಗೂ ತೊಡಕಾಗದಂತೆ, ನಸುಕಿನಲ್ಲೇ ಪಂದ್ಯವನ್ನು ಮುಗಿಸಿ ಮನೆಗೆ ಮರಳುತ್ತಿದ್ದರು. ಗುಂಪಿನ ಗದ್ದಲದಿಂದ ದಾರಿಹೋಕರಿಗೆ ಉಪದ್ರವವಾಗಬಾರದೆಂಬ ವಿಚಾರವೇ ಈ ಪಂದ್ಯದ ತಾಯಿಬೇರು. ರಸ್ತೆಯ ಮರ್ಯಾದೆಯನ್ನು ಮರೆತವನು ಎಷ್ಟು ವೇಗವಾಗಿ ತುಳಿದರೂ ಈ ಆಟದ ಮರ್ಮವನ್ನು ಅರಿತವನಲ್ಲ.

ಇದು ಪರದೇಶದ ಸಿರಿವಂತರ ವಿನೋದ, ನಮಗೇಕೆ ಎನ್ನುವವರಿಗೆ ಉತ್ತರವು ಸಮೀಪದಲ್ಲಿಯೇ ಇದೆ. ಕಮಲಾಪುರದಿಂದ ಕಲಬುರಗಿಗೆ ಬರುವ ೫೦ನೆಯ ರಾಷ್ಟ್ರೀಯ ಹೆದ್ದಾರಿಯೇ ಮುಂದೆ ಜೇವರ್ಗಿ, ಸಿಂದಗಿಗಳ ಮೇಲೆ ಹಾದು ವಿಜಯಪುರವನ್ನು ಮುಟ್ಟುತ್ತದೆ. ಆ ವಿಜಯಪುರ ಮತ್ತು ಅದರ ನೆರೆಯ ಬಾಗಲಕೋಟೆ, ಈ ಎರಡು ಜಿಲ್ಲೆಗಳು ಕರ್ನಾಟಕದ ಸೈಕಲ್ ಪಟುಗಳ ತವರುಮನೆ. ಅಲ್ಲಿಯ ಒಕ್ಕಲುತನದ ಮನೆಗಳ ಹುಡುಗರೂ ಹುಡುಗಿಯರೂ ರಾಷ್ಟ್ರೀಯ ಪಂದ್ಯಗಳಲ್ಲಿ ಪದಕಗಳನ್ನು ಗಳಿಸಿದ್ದಾರೆ. ಅದೇ ಬಿಸಿಲು, ಅದೇ ಎರೆಭೂಮಿ, ಅದೇ ಜೋಳದ ರೊಟ್ಟಿ. ಅಲ್ಲಿ ಆದದ್ದು ಇಲ್ಲಿ ಆಗಲಾರದೆಂಬುದಕ್ಕೆ ಕಾರಣವಿಲ್ಲ.

ಇನ್ನು ಸೈಕಲ್ಲಿನ ಮಾತು. ರೇಸಿನ ಸೈಕಲ್ಲುಗಳ ಬೆಲೆಯು ಹತ್ತಾರು ಸಾವಿರ ರೂಪಾಯಿಗಳಿಂದ ಲಕ್ಷಗಳವರೆಗೆ ಏರಿರುವದು. ಆದರೆ ಕೊಳ್ಳುವ ಮೊದಲು ಅಳೆಯಬೇಕೆಂಬದು ನಮ್ಮ ಸೂಚನೆ. ಮೈಗೆ ಹೊಂದದ ಬೆಲೆಯುಳ್ಳ ಸೈಕಲ್ಲಿಗಿಂತ ಮೈಗೆ ಹೊಂದಿಸಿದ ಸಾಧಾರಣ ಸೈಕಲ್ಲು ಎಷ್ಟೋ ಮೇಲು. ಬರಿಗಾಲಿನಲ್ಲಿ ಗೋಡೆಗೆ ಆತು ನಿಂತು, ತೊಡೆಸಂದಿನಿಂದ ನೆಲದವರೆಗಿನ ಉದ್ದವನ್ನು ಸೆಂಟಿಮೀಟರುಗಳಲ್ಲಿ ಅಳೆಯಿರಿ. ಅದನ್ನು ೦.೮೮೩ರಿಂದ ಗುಣಿಸಿದರೆ ಬರುವ ಅಳತೆಯೇ ಪೆಡಲುಗಳ ನಡುವಣ ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಮೈವರೆಗಿನ ಎತ್ತರವು. ೮೦ ಸೆಂಟಿಮೀಟರಿನ ಕಾಲಿಗೆ ಇದು ಸುಮಾರು ೭೦.೬ ಆಗುತ್ತದೆ. ಲೆಕ್ಕದ ಗೊಡವೆ ಬೇಡವಾದವರು ಸೀಟಿನ ಮೇಲೆ ನೆಟ್ಟಗೆ ಕುಳಿತು ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿಯನ್ನಿಡಲಿ. ಕಾಲು ಪೂರ್ಣ ನೀಟಾಗಬೇಕು. ಆ ಮೇಲೆ ಮುಂಗಾಲಿನಿಂದ ತುಳಿದರೆ ಮೊಣಕಾಲು ಬೇಕಾದಷ್ಟೇ ಬಾಗಿರುವದು.

ಇವೆರಡೂ ಆರಂಭದ ಅಳತೆಗಳು. ಕೊನೆಯ ತೀರ್ಪು ದೇಹದ್ದು. ಮೊಣಕಾಲಿನ ಮುಂಭಾಗವು ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆಯೆಂದು ತಿಳಿಯಬೇಕು. ಹಿಂಭಾಗವು ನೋಯುತ್ತಿದ್ದರೆ, ಅಥವಾ ತುಳಿಯುವಾಗ ಸೊಂಟವು ಎಡಬಲಕ್ಕೆ ಜೋಲುತ್ತಿದ್ದರೆ, ಎತ್ತರವಾಗಿದೆಯೆಂದು ತಿಳಿಯಬೇಕು. ತಿದ್ದುವಾಗ ಒಂದು ಸಲಕ್ಕೆ ೫ ಮಿಲಿಮೀಟರಿಗಿಂತ ಹೆಚ್ಚು ಸರಿಸದೆ, ಎರಡು ಮೂರು ದಿನ ತುಳಿದು ನೋಡಿ ಮುಂದುವರಿಯಬೇಕು. ಸರಿಹೋದ ಅಳತೆಯನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಸೈಕಲ್ಲು ರಿಪೇರಿಗೆ ಹೋಗಿ ಬಂದಾಗ ಮತ್ತೆ ಹುಡುಕುವ ಕಷ್ಟವಿರುವದಿಲ್ಲ.

ಎರಡನೆಯ ಅಳತೆಯು ಗಾಳಿಯದು. ಸಮನೆಲದಲ್ಲಿ ಗಂಟೆಗೆ ೩೦ ಕಿಲೋಮೀಟರು ವೇಗದಲ್ಲಿ ಹೋಗುವವನ ಶಕ್ತಿಯ ಬಹುಭಾಗವು ಗಾಳಿಯನ್ನು ಸೀಳುವದರಲ್ಲಿಯೇ ವೆಚ್ಚವಾಗುತ್ತದೆ. ಆ ವೆಚ್ಚವು ವೇಗದ ಘನದಂತೆ ಏರುವದು. ೩೦ರಿಂದ ೩೬ಕ್ಕೆ ಏರಬೇಕಾದರೆ ಗಾಳಿಗೆ ತೆರಬೇಕಾದ ಶಕ್ತಿಯು ಸುಮಾರು ಒಂದೂ ಮುಕ್ಕಾಲು ಪಟ್ಟಾಗುತ್ತದೆ. ಗಾಳಿಗೆ ಅಡ್ಡವಾಗಿರುವದು ಮುಖ್ಯವಾಗಿ ಸೈಕಲ್ಲಲ್ಲ, ಸವಾರನ ಮೈ. ಆದುದರಿಂದ ಮೊಣಕೈಗಳನ್ನು ಒಳಗೆ ತಂದು, ಬೆನ್ನನ್ನು ಬಾಗಿಸಿ, ಪಟಪಟನೆ ಹಾರುವ ಅಂಗಿಯನ್ನು ಬಿಟ್ಟು ಮೈಗೆ ಅಂಟುವ ಉಡುಪನ್ನು ಧರಿಸುವದರಿಂದ ದೊರೆಯುವ ಲಾಭವು ಬೆಲೆಯುಳ್ಳ ಚಕ್ರಗಳಿಂದಲೂ ಸುಲಭವಾಗಿ ದೊರೆಯದು.

೧೯೮೯ರ ಟೂರ್ ದ ಫ್ರಾನ್ಸ್ ಪಂದ್ಯದ ಕೊನೆಯ ದಿನವು ಇದಕ್ಕೆ ಪ್ರಸಿದ್ಧ ನಿದರ್ಶನ. ಅಮೇರಿಕದ ಗ್ರೆಗ್ ಲೆಮಾಂಡನು ಫ್ರಾನ್ಸಿನ ಲೊರಾಂ ಫಿನ್ಯೋನನಿಗಿಂತ ೫೦ ಸೆಕೆಂಡು ಹಿಂದಿದ್ದನು, ಉಳಿದದ್ದು ೨೪.೫ ಕಿಲೋಮೀಟರಿನ ಕಾಲಪರೀಕ್ಷೆಯೊಂದೇ. ಲೆಮಾಂಡನು ಮೊಣಕೈಯೂರಿ ಮುಂದಕ್ಕೆ ಚಾಚುವ ಹೊಸ ಬಗೆಯ ಹಿಡಿಕೆಯನ್ನು ಕಟ್ಟಿಕೊಂಡು ಬಂದನು; ಫಿನ್ಯೋನನು ಬರಿದಲೆಯಲ್ಲಿ ಜುಟ್ಟು ಹಾರಾಡಿಸುತ್ತ ತುಳಿದನು. ಮೂರು ಸಾವಿರ ಕಿಲೋಮೀಟರು ಮೀರಿದ ಆ ಪಂದ್ಯವು ಕೇವಲ ೮ ಸೆಕೆಂಡುಗಳಿಂದ ಲೆಮಾಂಡನದಾಯಿತು. ಫಿನ್ಯೋನನು ಆಗ ಸೀಟಿನ ಹುಣ್ಣಿನಿಂದ ನರಳುತ್ತಲೂ ಇದ್ದನಾದ್ದರಿಂದ ಎಲ್ಲವೂ ಹಿಡಿಕೆಯ ಮಹಿಮೆಯೆನ್ನಲಾಗದು. ಆದರೂ ಗಾಳಿಯ ಲೆಕ್ಕವನ್ನು ಅಲಕ್ಷಿಸಬಾರದೆಂಬ ಪಾಠವು ಅಂದಿನಿಂದ ಜಗತ್ತಿಗೆ ತಿಳಿಯಿತು. ಆದರೆ ಅಂಥ ಹಿಡಿಕೆಯನ್ನು ಹಿಡಿದಾಗ ಕೈಗಳು ಬ್ರೇಕಿನ ಮೇಲಿರುವದಿಲ್ಲ. ವಾಹನಸಂಚಾರವಿರುವ ರಸ್ತೆಯಲ್ಲಿ ಅದನ್ನು ಉಪಯೋಗಿಸಲೇಬಾರದು.

ಟಯರುಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಕಲ್ಲಿನಂತೆ ಗಟ್ಟಿಯಾಗುವವರೆಗೆ ಗಾಳಿ ಹಾಕಿದರೆ ವೇಗ ಹೆಚ್ಚುವದೆಂದು ಹಲವರ ನಂಬಿಗೆ. ನುಣ್ಣನೆಯ ರಸ್ತೆಯಲ್ಲಿ ಇದು ಕೆಲಮಟ್ಟಿಗೆ ನಿಜವಿರಬಹುದು. ನಮ್ಮ ಒರಟು ಡಾಂಬರಿನಲ್ಲಿ ಅತಿ ಬಿಗಿಯಾದ ಟಯರು ಕುಣಿಕುಣಿದು ಸವಾರನ ಶಕ್ತಿಯನ್ನು ವ್ಯರ್ಥಗೊಳಿಸುವದು. ೨೫ ಅಥವಾ ೨೮ ಮಿಲಿಮೀಟರು ಅಗಲದ ಟಯರುಗಳಿಗೆ ಸವಾರನ ತೂಕವನ್ನು ನೋಡಿ ಹದವಾಗಿ ಗಾಳಿ ತುಂಬಬೇಕು. ರಸ್ತೆಯಂಚಿನಲ್ಲಿ ಜಾಲಿಯ ಮುಳ್ಳಿಗೆ ಬರವಿಲ್ಲವಾದ್ದರಿಂದ ಒಂದು ಟ್ಯೂಬು, ಸಣ್ಣ ಪಂಪು, ಟಯರು ಬಿಚ್ಚುವ ಪಟ್ಟಿ, ಇಷ್ಟು ಸದಾ ಜೊತೆಗಿರಲಿ. ಪಂಕ್ಚರು ತೆಗೆಯುವದನ್ನು ಮಗಳಿಗೂ ಕಲಿಸಿರಿ. ಎರೆಮಣ್ಣಿನ ಕೆಸರು ಮೆತ್ತಿದ ದಿನ ಚೈನನ್ನು ಬಟ್ಟೆಯಿಂದ ಒರೆಸಿ ತೆಳ್ಳಗೆ ಎಣ್ಣೆ ಬಿಡದೆ ಮಲಗಬಾರದು.

ಈಗ ಹಾದಿಗೆ ಬರೋಣ. ಕಲಬುರಗಿಯಿಂದ ಕಮಲಾಪುರವು ಸುಮಾರು ೩೫ ಕಿಲೋಮೀಟರು ದೂರ, ಈಶಾನ್ಯ ದಿಕ್ಕಿಗೆ; ನಡುವೆ ಮಹಾಗಾಂವ ಕ್ರಾಸು. ಮಳೆಗಾಲದ ಗಾಳಿಯು ಪಶ್ಚಿಮ ನೈರುತ್ಯಗಳಿಂದ ಬೀಸುವದರಿಂದ ಹೋಗುವಾಗ ಬೆನ್ನಿಗೆ ನಿಂತು ಉಬ್ಬಿಸುತ್ತದೆ, ಬರುವಾಗ ಎದೆಗೆ ನಿಂತು ತಗ್ಗಿಸುತ್ತದೆ. ಚಳಿಗಾಲದ ಮೂಡಗಾಳಿಯದು ಇದಕ್ಕೆ ವಿಪರೀತ. ಇಲ್ಲೊಂದು ಲೆಕ್ಕವುಂಟು. ೨೦ ಕಿಲೋಮೀಟರಿನ ಪಂದ್ಯದಲ್ಲಿ ಮೊದಲಿನ ೧೦ನ್ನು ಗಂಟೆಗೆ ೩೬ರಂತೆಯೂ ಕಡೆಯ ೧೦ನ್ನು ೨೪ರಂತೆಯೂ ತುಳಿದವನಿಗೆ ೪೧ ನಿಮಿಷ ೪೦ ಸೆಕೆಂಡು ಹಿಡಿಯುವದು. ಎರಡೂ ಅರ್ಧಗಳನ್ನು ೩೦ರಂತೆಯೇ ತುಳಿದವನು ೪೦ ನಿಮಿಷದಲ್ಲಿ ಮುಗಿಸುವನು. ಎದುರುಗಾಳಿಯಲ್ಲಿ ಕಳೆದುಕೊಂಡ ಕಾಲವನ್ನು ಬೆನ್ನುಗಾಳಿಯು ಪೂರ್ತಿಯಾಗಿ ಹಿಂದಿರುಗಿಸುವದಿಲ್ಲ. ಆದುದರಿಂದ ಗಾಳಿ ಅನುಕೂಲವಿರುವಲ್ಲಿ ಹಿಗ್ಗದೆ, ಪ್ರತಿಕೂಲವಿರುವಲ್ಲಿ ತುಸು ಹೆಚ್ಚು ಬಲವನ್ನು ವೆಚ್ಚಮಾಡುವವನೇ ಜಾಣನು.

ತಾಯಿಯ ಚಿಂತೆಗೆ ನಾವು ಕೊಡುವ ಉತ್ತರವು ಸ್ಪಷ್ಟವಾದದ್ದು. ಹೆದ್ದಾರಿಯು ಸಾವಕಾಶದ ದೂರಪ್ರಯಾಣಕ್ಕೆ ಮಾತ್ರ. ತಲೆ ತಗ್ಗಿಸಿ ಗಡಿಯಾರದೊಡನೆ ಸೆಣಸುವದಕ್ಕೆ ಅದು ತಕ್ಕ ಸ್ಥಳವಲ್ಲ. ವೇಗದ ಅಭ್ಯಾಸಕ್ಕೆ ವಾಹನಗಳು ವಿರಳವಾಗಿರುವ, ಅಡ್ಡರಸ್ತೆಗಳಿಲ್ಲದ ಐದಾರು ಕಿಲೋಮೀಟರಿನ ಹಳ್ಳಿಯ ರಸ್ತೆಯೊಂದನ್ನು ಹಿರಿಯರು ತಾವೇ ಹೋಗಿ ನೋಡಿ ಗೊತ್ತುಮಾಡಿಕೊಡಲಿ. ಹೆಲ್ಮೆಟ್ಟಿಲ್ಲದೆ ಹೊಸ್ತಿಲು ದಾಟಕೂಡದು. ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ ಹಗಲಿನಲ್ಲಿಯೂ ಉರಿಯಲಿ. ಇಂಗ್ಲೆಂಡಿನವರ ಕಪ್ಪು ಉಡುಪು ನಮಗೆ ಬೇಡ. ದೂರದಿಂದ ಕಣ್ಣಿಗೆ ಹೊಡೆಯುವ ಬಣ್ಣವೇ ಬೇಕು. ಕಲಬುರಗಿಯಲ್ಲಿ ಬೇಸಗೆಯ ಬಿಸಿಲು ೪೦ ಡಿಗ್ರಿಯನ್ನು ದಾಟುವದರಿಂದ ಬೆಳಕು ಹರಿದೊಡನೆ ಹೊರಟು, ಬಿಸಿಲೇರುವ ಮುನ್ನ ಮನೆ ಸೇರಬೇಕು. ಕತ್ತಲಲ್ಲಿಯೇ ಹೊರಡುವ ಆತುರವೂ ಬೇಡ. ಕಿವಿಗೆ ಹಾಡಿನ ಯಂತ್ರವನ್ನು ಸಿಕ್ಕಿಸಿಕೊಂಡು ರಸ್ತೆಗಿಳಿಯುವದು ಆತ್ಮಘಾತಕ್ಕೆ ಸಮಾನ.

ಅಭ್ಯಾಸಕ್ಕೆ ಎಂಟು ವಾರಗಳ ಅವಧಿ ಸಾಕು. ವಾರಕ್ಕೆ ಮೂರು ದಿನ ತುಳಿದರೆ ಓದಿಗೂ ಮನೆಗೆಲಸಕ್ಕೂ ಕುಂದಿಲ್ಲ. ಒಂದು ದಿನ, ಮಾತನಾಡುತ್ತ ಹೋಗಬಹುದಾದಷ್ಟು ಸಾವಕಾಶವಾಗಿ, ಮೊದಲು ಮಹಾಗಾಂವದವರೆಗೆ, ಬಲ ಬಂದ ಮೇಲೆ ಕಮಲಾಪುರದವರೆಗೆ ಹೋಗಿ ಬರುವದು. ಇನ್ನೊಂದು ದಿನ ಗೊತ್ತುಮಾಡಿದ ರಸ್ತೆಯಲ್ಲಿ ಐದು ನಿಮಿಷ ಬಿರುಸಾಗಿ, ಐದು ನಿಮಿಷ ಮೆಲ್ಲಗೆ, ಹೀಗೆ ನಾಲ್ಕು ಸಲ. ಮೂರನೆಯ ದಿನ ಮುಕ್ಕಾಲು ಗಂಟೆ ಹಗುರಾಗಿ. ಹದಿನೈದು ದಿನಕ್ಕೊಮ್ಮೆ ಅದೇ ರಸ್ತೆಯಲ್ಲಿ ಅದೇ ದೂರವನ್ನು ಅಳೆದು ತುಳಿದು, ಕಾಲವನ್ನೂ ಗಾಳಿಯ ದಿಕ್ಕನ್ನೂ ವಹಿಯಲ್ಲಿ ಬರೆಯಬೇಕು. ಕೊನೆಯ ವಾರ ಅಭ್ಯಾಸವನ್ನು ಅರ್ಧಕ್ಕೆ ಇಳಿಸಬೇಕು. ದಣಿದ ಕಾಲಿಗೆ ವಿಶ್ರಾಂತಿಯೇ ಬಲ. ನಲವತ್ತು ದಾಟಿದ ಗೃಹಸ್ಥರು ಈ ಹುರುಪಿಗೆ ಬಿದ್ದರೆ ಮೊದಲು ವೈದ್ಯರಿಂದ ಹೃದಯವನ್ನು ಪರೀಕ್ಷಿಸಿಕೊಳ್ಳತಕ್ಕದ್ದು.

ಆಹಾರದ ವಿಷಯದಲ್ಲಿ ಅಡಿಗೆಮನೆಯನ್ನು ಬಿಟ್ಟು ಅಂಗಡಿಯ ಪುಡಿಗಳಿಗೆ ಓಡಬೇಕಾಗಿಲ್ಲ. ಹಿಂದಿನ ರಾತ್ರಿ ಜೋಳದ ರೊಟ್ಟಿ, ತೊಗರಿಬೇಳೆ, ಅನ್ನ. ಬೆಳಿಗ್ಗೆ ಹೊರಡುವ ಎರಡು ಗಂಟೆ ಮೊದಲು ಸ್ವಲ್ಪ ಅವಲಕ್ಕಿ. ಒಂದು ಗಂಟೆಯೊಳಗಿನ ಪಂದ್ಯಕ್ಕೆ ನಡುವೆ ತಿನ್ನುವದು ಅವಶ್ಯವಿಲ್ಲ, ನೀರು ಸಾಕು. ದೂರದ ಅಭ್ಯಾಸದ ದಿನ ನೀರಿಗೆ ಚಿಟಿಕೆ ಉಪ್ಪು, ತುಸು ಬೆಲ್ಲ, ನಿಂಬೆರಸ ಬೆರೆಸಿರಿ. ಕಮಲಾಪುರದಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೆಂಪು ಬಾಳೆಯೇ ಇದೆ. ದಣಿದು ಬಂದ ಸವಾರನಿಗೆ ಅದಕ್ಕಿಂತ ಉತ್ತಮ ಫಲಾಹಾರವುಂಟೇ? ಕಲಬುರಗಿಯ ಮಾಲಪುರಿಯನ್ನು ಮಾತ್ರ ಪಂದ್ಯ ಮುಗಿದ ಸಂಜೆಗೆ ಕಾದಿರಿಸುವದು ಲೇಸು.

ಪಂದ್ಯದ ದಿನ ಕಾಲು ಗಂಟೆ ಹಗುರಾಗಿ ತುಳಿದು ಮೈಯನ್ನು ಬೆಚ್ಚಗೆ ಮಾಡಿಕೊಂಡು ಸಾಲಿಗೆ ನಿಲ್ಲಬೇಕು. ಹೊಸಬರೆಲ್ಲರೂ ಸೋಲುವದು ಮೊದಲಿನ ಎರಡು ಕಿಲೋಮೀಟರಿನಲ್ಲಿಯೇ; ಉತ್ಸಾಹಕ್ಕೆ ಮನಸೋತು ಸಾಲ ಮಾಡಿದವನಂತೆ ಆರಂಭದಲ್ಲಿ ಉಸಿರನ್ನು ಸೂರೆಮಾಡಿ, ಕಡೆಯಲ್ಲಿ ಬಡ್ಡಿ ಕಟ್ಟುತ್ತಾರೆ. 'ಇದು ತೀರ ಹಗುರಾಯಿತಲ್ಲ' ಎಂದು ಅನಿಸುವಷ್ಟು ಹಿಡಿತದಿಂದ ಹೊರಟು, ನಡುವಿನಲ್ಲಿ ಸಮನಾಗಿ ಸಾಗಿ, ಉಳಿದದ್ದನ್ನು ಕೊನೆಯ ಐದನೆಯ ಒಂದು ಪಾಲಿಗೆ ಸುರಿಯುವದೇ ಸರಿಯಾದ ಕ್ರಮ.

ತಂದೆಯ ಹಣದ ಚಿಂತೆಗೆ ಕಡೆಯ ಮಾತು ಇಷ್ಟು. ಮೊದಲ ಖರ್ಚು ಹೆಲ್ಮೆಟ್ಟಿಗೆ, ಎರಡನೆಯದು ದೀಪಗಳಿಗೆ, ಮೂರನೆಯದು ಒಳ್ಳೆಯ ಟಯರು ಬ್ರೇಕುಗಳಿಗೆ. ಮನೆಯಲ್ಲಿರುವ ಸೈಕಲ್ಲನ್ನೇ ಮೈಗೆ ಹೊಂದಿಸಿ ಎಂಟು ವಾರ ತುಳಿಯಲಿ. ವಹಿಯಲ್ಲಿ ನಾಲ್ಕು ಅಳತೆಗಳು ಒಂದರ ಕೆಳಗೊಂದು ಇಳಿಯುತ್ತ ಬಂದಿದ್ದರೆ, ಆ ಮಗುವಿಗೆ ಹೊಸ ಸೈಕಲ್ಲನ್ನು ಕೊಡಿಸಲು ಹಿಂದೆಗೆಯಬೇಡಿರಿ. ಇಳಿಯದೆ ಇದ್ದರೂ ಆ ಮಗು ಬೆಳಗಿನ ಗಾಳಿಯನ್ನೂ ತನ್ನ ಉಸಿರಿನ ಮಿತಿಯನ್ನೂ ಅರಿತುಕೊಂಡಿತೆಂದು ಸಂತೋಷಪಡಿರಿ. ಅಷ್ಟರವರೆಗೆ ರಸ್ತೆಯ ತುದಿಯಲ್ಲಿ ಗಡಿಯಾರ ಹಿಡಿದು ನಿಲ್ಲುವ ಕೆಲಸವು ತಾಯಿತಂದೆಗಳದಾಗಲಿ. ಅದಕ್ಕೆ ಕಾಸು ಬೀಳುವದಿಲ್ಲ. ಮಕ್ಕಳು ಎಲ್ಲಿ, ಹೇಗೆ ತುಳಿಯುತ್ತಿರುವರೆಂಬದು ಕಣ್ಣಿಗೇ ಕಾಣುತ್ತಿರುತ್ತದೆ.