ಗಾಳಿಯಲ್ಲಿ ನಿಂತ ಬಿಂಬ

ಕಳೆದ ಸಂಚಿಕೆಯಲ್ಲಿ ನಾವು ಒಂಟಿ ಭೂತಗನ್ನಡಿಯ ಗುಣವನ್ನು ವಿವರಿಸಿದ್ದೆವು. ಅಂತಹ ಎರಡು ಗಾಜುಗಳು ಕೂಡಿದರೆ ಏನಾಗುವುದೆಂಬುದನ್ನು ಈ ಸಾರಿ ವಿಚಾರಿಸೋಣ. ಬೇಕಾದ ಸಾಮಗ್ರಿಯು ಅಲ್ಪವೇ: ಅಜ್ಜನವರ ಚಾಳೀಸು ಕನ್ನಡಕ, ಮಕ್ಕಳ ಭೂತಗನ್ನಡಿ. ಎರಡರ ಗಾಜೂ ನಡುವೆ ದಪ್ಪ, ಅಂಚಿನಲ್ಲಿ ತೆಳು; ಇದನ್ನೇ ಪೀನಮಸೂರವೆನ್ನುವರು.

ಹಗಲಿನಲ್ಲಿ ಕಿಟಕಿಯ ಎದುರುಗೋಡೆಯ ಮುಂದೆ ಕನ್ನಡಕವನ್ನು ಹಿಡಿದು ಹಿಂದೆ ಮುಂದೆ ಸರಿಸಿರಿ. ಒಂದು ಅಂತರದಲ್ಲಿ, ಹೊರಗೆ ದೂರದಲ್ಲಿರುವ ಮರದ ಬಿಂಬವು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವುದು. ಮರದ ಒಂದೊಂದು ಬಿಂದುವಿನಿಂದ ಬಂದ ಕಿರಣಗಳನ್ನು ಮಸೂರವು ಬಾಗಿಸಿ ಒಂದೊಂದು ಬಿಂದುವಿನಲ್ಲಿ ಕೂಡಿಸಿದುದರ ಫಲವಿದು. ಗಾಜಿಗೂ ಗೋಡೆಗೂ ಇರುವ ಆ ಅಂತರವೇ ಸಂಗಮದೂರ.

ಈಗ ಕನ್ನಡಕವನ್ನು ಮರದತ್ತ ತಿರುಗಿಸಿ ನಿಲ್ಲಿಸಿ, ಅದರ ಹಿಂದೆ ಸಂಗಮದೂರದಲ್ಲಿ ಎಣ್ಣೆ ಸವರಿದ ತೆಳುಕಾಗದವನ್ನು ಹಿಡಿಯಿರಿ. ಕಾಗದದ ಮೇಲಣ ಬಿಂಬವನ್ನು ಹಿಂದಿನಿಂದ ಭೂತಗನ್ನಡಿಯಲ್ಲಿ ನೋಡುತ್ತಿರುವಾಗಲೇ ಕಾಗದವನ್ನು ಮೆಲ್ಲನೆ ಎಳೆದುಬಿಡಿರಿ. ಬಿಂಬವೂ ಕಾಗದದೊಡನೆ ಹೋಯಿತೇ? ಇಲ್ಲ! ಮೊದಲಿಗಿಂತ ಉಜ್ಜ್ವಲವಾಗಿ ಬರಿಯ ಗಾಳಿಯಲ್ಲಿ ನಿಂತಿದೆ. ಕಿರಣಗಳು ಅಲ್ಲಿ ಕೂಡಿ, ಅಲ್ಲಿಂದಲೇ ಹೊರಟಂತೆ ಮುಂದಕ್ಕೆ ಹರಡುತ್ತವೆ. ಮೊದಲ ಮಸೂರದ ಬಿಂಬವೇ ಎರಡನೆಯದಕ್ಕೆ ವಸ್ತು. ಇಷ್ಟನ್ನು ತಿಳಿದರೆ ಮಸೂರಗಳ ಜೋಡಣೆಯ ರಹಸ್ಯವೆಲ್ಲ ತಿಳಿದಂತೆಯೇ.

ಕನ್ನಡಕದ ಸಂಗಮದೂರ 50 ಸೆಂಟಿಮೀಟರು, ಭೂತಗನ್ನಡಿಯದು 10 ಆದರೆ ಎರಡನ್ನೂ 60 ಸೆಂಟಿಮೀಟರು ಅಂತರದಲ್ಲಿಡಬೇಕು. ಐವತ್ತನ್ನು ಹತ್ತರಿಂದ ಭಾಗಿಸಿದರೆ ಐದು; ದೂರದ ಮರವು ಐದು ಮಡಿ ದೊಡ್ಡದಾಗಿ ತೋರುವುದು. ತಲೆಕೆಳಗಾಯಿತೆಂದು ಮಕ್ಕಳು ಬೇಸರಪಡಬೇಕಾಗಿಲ್ಲ. ಭೂತಗನ್ನಡಿಯು ಬಿಂಬವನ್ನು ಹಿಗ್ಗಿಸುವುದೇ ಹೊರತು ತಿರುಗಿಸುವುದಿಲ್ಲ. ನಡುವೆ ತಕ್ಕ ಸ್ಥಳದಲ್ಲಿ ಮೂರನೆಯ ಪೀನಮಸೂರವನ್ನಿಟ್ಟರೆ ಮರವು ನೆಟ್ಟಗೆ ನಿಲ್ಲುವುದು.

ಗೆಲಿಲಿಯೊ ಬಳಸಿದ ದುರ್ಬೀನಿನಲ್ಲಿ ಕಣ್ಣಿನ ಬಳಿಯ ಗಾಜು ನಡುವೆ ತೆಳುವಾದುದು. ಎರಡೂ ಪೀನಮಸೂರಗಳಿರುವ ದುರ್ಬೀನನ್ನು 1611ರಲ್ಲಿ ತನ್ನ ಗ್ರಂಥದಲ್ಲಿ ವಿವರಿಸಿದವನು ಜರ್ಮನಿಯ ಯೋಹಾನೆಸ್ ಕೆಪ್ಲರ್. ಬಾಲ್ಯದಲ್ಲಿ ಸಿಡುಬಿನಿಂದ ಆತನ ದೃಷ್ಟಿಯು ಕುಂದಿತ್ತು. ಕಣ್ಣು ಮಂಕಾದವನೇ ಲೋಕಕ್ಕೆ ನೋಡುವ ದಾರಿಯನ್ನು ತಿಳಿಸಿದನೆಂಬುದು ನೆನೆಯತಕ್ಕ ಮಾತು.

ತಾಯಂದಿರಿಗೆ ಒಂದು ಎಚ್ಚರಿಕೆ: ಈ ಗಾಜುಗಳಿಂದ ಮಕ್ಕಳು ಸೂರ್ಯನನ್ನು ಎಂದಿಗೂ ನೋಡಕೂಡದು, ಕ್ಷಣಮಾತ್ರದಲ್ಲಿ ಕಣ್ಣು ಶಾಶ್ವತವಾಗಿ ಕೆಟ್ಟೀತು. ಚಂದ್ರನನ್ನು ಬೇಕಾದಷ್ಟು ನೋಡಲಿ. ಆದರೆ ಅಜ್ಜನವರ ಕನ್ನಡಕವನ್ನು ಕೇಳಿಯೇ ತೆಗೆದುಕೊಳ್ಳಲಿ; ಮೊದಲ ನೋಟವೂ ಅವರದೇ ಆಗಲಿ.