ಡಿಂಗನನ್ನು ನೆನೆಯುವವರು, ಡಿಂಗನನ್ನು ಕೈಬಿಟ್ಟವರು

ಇತ್ತೀಚೆಗೆ ಪಾಂಡವಪುರ ತಾಲ್ಲೂಕಿನ ನಮ್ಮ ಕ್ಯಾತನಹಳ್ಳಿಯಲ್ಲಿ ಬಂಧುಗಳ ಮದುವೆಯೊಂದಿತ್ತು. ಊಟ ಮುಗಿಸಿ ಚಪ್ಪರದ ನೆರಳಿನಲ್ಲಿ ಎಲೆಯಡಿಕೆ ಹಾಕಿಕೊಂಡು ಕುಳಿತ ನಾಲ್ವರು ಗಂಡಸರು ಏರಿದ ದನಿಯಲ್ಲಿ ವಾದಕ್ಕೆ ಇಳಿದಿದ್ದರು. ಒಬ್ಬನು ಆಲೆಮನೆ ನಡೆಸುವವನು, ಒಬ್ಬನು ಶಾಲಾ ಶಿಕ್ಷಕ, ಇನ್ನಿಬ್ಬರು ಬೆಂಗಳೂರಿನಲ್ಲಿ ನೌಕರಿಯಲ್ಲಿರುವವರು. ಎಲ್ಲರಿಗೂ ನಲವತ್ತು ದಾಟಿದೆ. ಚುನಾವಣೆಯ ಮಾತೋ ಕಬ್ಬಿನ ದರದ ಮಾತೋ ಇರಬೇಕೆಂದು ಹತ್ತಿರ ಹೋದೆ. ಅವರು ವಾದಿಸುತ್ತಿದ್ದುದು ಡಿಂಗನ ವಿಷಯವಾಗಿ! ಆಕಾಶದಲ್ಲಿ ಹಾರಬಲ್ಲ, ಬಂಡೆಯನ್ನು ಎತ್ತಬಲ್ಲ, 'ಬಾಲಮಂಗಳ'ದ ಆ ಇಲಿಯ ವಿಷಯವಾಗಿ.

ಶಿಕ್ಷಕನ ಒಂಬತ್ತು ವರ್ಷದ ಮಗನು ಬಹಳ ಹೊತ್ತು ಕೇಳಿಸಿಕೊಂಡು, ಕೊನೆಗೆ ನನ್ನ ತೋಳು ಜಗ್ಗಿ ಕೇಳಿದ: "ದೊಡ್ಡಪ್ಪ, ಆ ಪುಸ್ತಕ ಈಗ ಎಲ್ಲಿ ಸಿಕ್ತದೆ?"

ನಾಲ್ವರೂ ಸುಮ್ಮನಾದರು. ಯಾರೊಬ್ಬರ ಮನೆಯಲ್ಲೂ ಒಂದೇ ಒಂದು ಪ್ರತಿ ಉಳಿದಿರಲಿಲ್ಲ. ನನ್ನ ಮನೆಯಲ್ಲೂ ಇರಲಿಲ್ಲ.

ಕಿರಿಯ ವಾಚಕರಿಗಾಗಿ ಸ್ವಲ್ಪ ವಿವರಿಸುವುದು ಅಗತ್ಯ. ಡಿಂಗನು ಹುಟ್ಟಿದ್ದು ಕೇರಳದಲ್ಲಿ, 1980ರ ದಶಕದಲ್ಲಿ, 'ಬಾಲಮಂಗಳಂ' ಎಂಬ ಮಲಯಾಳಂ ಮಕ್ಕಳ ಪತ್ರಿಕೆಯಲ್ಲಿ. ಅಲ್ಲಿ ಅವನ ಹೆಸರು ಡಿಂಕನ್. ಕಾಡಿನಲ್ಲಿ ಎಲ್ಲರಿಗೂ ಉಪದ್ರವ ಕೊಡುತ್ತಿದ್ದ ತುಂಟ ಇಲಿಯೊಂದನ್ನು ಅನ್ಯಗ್ರಹದವರು ಹೊತ್ತೊಯ್ದು ಪ್ರಯೋಗಕ್ಕೆ ಒಳಪಡಿಸಿದರು. ಅದರ ಫಲವಾಗಿ ಅವನಿಗೆ ಅದ್ಭುತ ಶಕ್ತಿ ಬಂದಿತು. ಮರಳಿ ಬಂದವನು ತನ್ನ ಕಾಡಿನ ದೀನ ಪ್ರಾಣಿಗಳ ರಕ್ಷಕನಾದ. ಕಥೆ ಇಷ್ಟೇ. ಕನ್ನಡದ 'ಬಾಲಮಂಗಳ'ದಲ್ಲಿ ಅವನು ಡಿಂಗನಾಗಿ ನಮ್ಮಲ್ಲಿಗೆ ಬಂದ. 'ಕಾಡಿನ ಕಿಟ್ಟ', 'ಶಕ್ತಿಮದ್ದು' ಮುಂತಾದವೂ ಅದರ ಪುಟಗಳಲ್ಲಿದ್ದವು. ಆದರೆ ಪತ್ರಿಕೆ ಕೈಗೆ ಬಂದೊಡನೆ ನಾವು ಮೊದಲು ತೆರೆಯುತ್ತಿದ್ದುದು ಡಿಂಗನ ಪುಟವನ್ನೇ.

ನಮ್ಮ ಊರಿಗೆ ಅದು ಬರುತ್ತಿದ್ದುದು ಪಾಂಡವಪುರದಿಂದ, ಯಾರಾದರೂ ಸಂತೆಗೋ ಆಸ್ಪತ್ರೆಗೋ ಹೋಗಿಬರುವಾಗ. ಒಂದು ಪ್ರತಿಗೆ ಎಂಟು ಮಂದಿ ವಾರಸುದಾರರು. ಹಣ ಕೊಟ್ಟವನು ಮೊದಲು ಓದಬೇಕು, ಗಟ್ಟಿಯಾಗಿ ಓದಬೇಕು, ಪುಟ ತಿರುಗಿಸುವ ಮುನ್ನ ಚಿತ್ರವನ್ನು ಎಲ್ಲರಿಗೂ ತೋರಿಸಬೇಕು ಎಂಬ ನಿಯಮವಿತ್ತು. "ಡಿಂಗ ಬಂದವ್ನೆ ಕಣ್ರಲಾ!" ಎಂಬ ಕೂಗು ಕೇಳಿದೊಡನೆ ಗೋಲಿಯಾಟ ನಿಲ್ಲುತ್ತಿತ್ತು. ಶಾಲೆಯ ಪಠ್ಯವನ್ನು ತಡವರಿಸಿಕೊಂಡು ಓದುತ್ತಿದ್ದ ಒಬ್ಬ ಹುಡುಗನು ಡಿಂಗನ ಮಾತುಗಳನ್ನು ಮಾತ್ರ ನಿರರ್ಗಳವಾಗಿ ಓದುತ್ತಿದ್ದುದು ಇಂದಿಗೂ ನನ್ನ ಕಿವಿಯಲ್ಲಿದೆ. ಮೇಲೆ ಹೇಳಿದ ಆಲೆಮನೆಯ ಒಡೆಯ ಅವನೇ.

ಭತ್ತ, ರಾಗಿ ತುಂಬಿದ ಮನೆಗಳಲ್ಲಿ ಇಲಿಯೆಂದರೆ ಶತ್ರು. ನನ್ನ ಅಜ್ಜಿಯು ಪ್ರತಿ ರಾತ್ರಿ ಇಲಿಬೋನಿಗೆ ಕೊಬ್ಬರಿಯ ಚೂರು ಸಿಕ್ಕಿಸಿಟ್ಟು ಮಲಗುತ್ತಿದ್ದರು. ನಾನು ಮೆಲ್ಲನೆ ಎದ್ದು ಅದನ್ನು ಕಳಚಿಡುತ್ತಿದ್ದೆ. ಸಿಕ್ಕಿಬಿದ್ದ ದಿನ ಕಾರಣ ಕೇಳಿದರು, ಹೇಳಿದೆ. "ಇಲಿ ಊರ ಕಾಯ್ತದೇನ್ಲಾ? ನಿನ್ನ ಬುದ್ದಿಗಿಷ್ಟು" ಎಂದು ನಕ್ಕರೇ ಹೊರತು ಹೊಡೆಯಲಿಲ್ಲ. ಆ ವರ್ಷ ಎಷ್ಟು ಸೇರು ರಾಗಿ ಇಲಿಯ ಪಾಲಾಯಿತೋ ದೇವರೇ ಬಲ್ಲ.

ಆದರೆ ಅಜ್ಜಿಯ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಹಳೆಯ ಉತ್ತರವೊಂದುಂಟು. ಪಂಚತಂತ್ರದ ಹಿರಣ್ಯಕನೆಂಬ ಇಲಿ ಬಲೆಯನ್ನು ಕತ್ತರಿಸಿ ಪಾರಿವಾಳಗಳನ್ನು ಬಿಡಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. ಕನ್ನಡದಲ್ಲಿ ದುರ್ಗಸಿಂಹನು ಪಂಚತಂತ್ರವನ್ನು ಬರೆದದ್ದು 11ನೆಯ ಶತಮಾನದಲ್ಲಿ. ಅದಾದ ಎಂಟು ಶತಮಾನಗಳ ಮೇಲೆ ಆ ಕಥೆಗಳನ್ನು ಫ್ರೆಂಚ್ ಭಾಷೆಗೆ ಒಯ್ದ ಒಬ್ಬರು ನಮ್ಮ ನೆರೆಯ ಶ್ರೀರಂಗಪಟ್ಟಣದ ಕ್ರೈಸ್ತರೊಡನೆ ಬಾಳಿದವರು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಬಳಿಕ ಇಲ್ಲಿಗೆ ಬಂದ ಅಬ್ಬೆ ದ್ಯೂಬುವಾ ಎಂಬ ಫ್ರೆಂಚ್ ಗುರುಗಳು ಅವರು. ಗಂಜಾಮಿನ ಚರ್ಚು ಇಂದಿಗೂ ಅವರ ಹೆಸರಿನೊಡನೆ ಬೆಸೆದುಕೊಂಡಿದೆ. 1823ರಲ್ಲಿ ಸ್ವದೇಶಕ್ಕೆ ಮರಳಿದ ಅವರು 1826ರಲ್ಲಿ ಪ್ಯಾರಿಸ್ಸಿನಲ್ಲಿ ಪಂಚತಂತ್ರದ ಅನುವಾದವನ್ನು ಪ್ರಕಟಿಸಿದರು. ಅದಕ್ಕೆ ತಮಿಳು, ತೆಲುಗು, ಕನ್ನಡ ಪಾಠಗಳನ್ನು ಆಧರಿಸಿದ್ದರು. ನಮ್ಮ ಜನರ ಆಚಾರವಿಚಾರಗಳನ್ನು ಕುರಿತ ಅವರ ಅಭಿಪ್ರಾಯಗಳಲ್ಲಿ ಒಪ್ಪಲಾಗದ ಮಾತುಗಳು ಬೇಕಾದಷ್ಟಿವೆ. ಆದರೂ ನರಿ, ಕಾಗೆ, ಇಲಿಗಳ ಕಥೆಯನ್ನು ಸಾಗರದಾಚೆ ಹೊತ್ತೊಯ್ಯುವಷ್ಟು ಅವು ಬೆಲೆಯುಳ್ಳವೆಂದು ಆ ಗಂಭೀರ ವ್ಯಕ್ತಿಗೆ ತೋರಿತಲ್ಲ, ಅದನ್ನು ನೆನೆದಾಗ ಡಿಂಗನ ವಿಷಯ ಬರೆಯಲು ನನಗಿದ್ದ ಸಂಕೋಚ ಕಡಿಮೆಯಾಗುತ್ತದೆ.

ಡಿಂಗನ ನಂತರ ಶಕ್ತಿಮಾನ್ ಬಂದ. 1997ರ ಸೆಪ್ಟೆಂಬರ್ 13ರಂದು ದೂರದರ್ಶನದಲ್ಲಿ ಆರಂಭವಾದ ಆ ಧಾರಾವಾಹಿ 2005ರವರೆಗೆ ನಡೆಯಿತು. ಮುಖೇಶ್ ಖನ್ನಾ ಅದರ ನಾಯಕ. ಅದಕ್ಕೂ ಮೊದಲೇ ಸ್ಪೈಡರ್‌ಮ್ಯಾನ್, ಹೀ-ಮ್ಯಾನ್ ವ್ಯಂಗ್ಯಚಿತ್ರಗಳು ದೂರದರ್ಶನದಲ್ಲಿ ಬಂದುಹೋಗಿದ್ದವು. ಆದರೆ ಅವು ನಮ್ಮ ಹಳ್ಳಿಗಳನ್ನು ಅಷ್ಟಾಗಿ ಮುಟ್ಟಲಿಲ್ಲ. ಶಕ್ತಿಮಾನ್ ಮುಟ್ಟಿದ. ಟಿ.ವಿ. ಇದ್ದ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನನ್ನ ತಮ್ಮನು ಅಪ್ಪನ ಕೆಂಪು ಟವೆಲನ್ನು ಕೊರಳಿಗೆ ಕಟ್ಟಿಕೊಂಡು, ಗಿರಗಿರನೆ ಸುತ್ತಿ, ಹುಲ್ಲಿನ ಮೆದೆಯ ಮೇಲಿನಿಂದ ಹಾರಿ ಮುಂಗೈ ಮುರಿದುಕೊಂಡ. ಮೂಳೆ ಕಟ್ಟಿಸಿಕೊಂಡು ಬಂದವನು ಹೇಳಿದ ಮೊದಲ ಮಾತು, "ಸುತ್ತಿದ್ದು ಸಾಲದಾಯ್ತು" ಎಂದು! ಶಕ್ತಿಮಾನ್ ಬಂದು ಕಾಪಾಡುವನೆಂದು ನಂಬಿ ಮಕ್ಕಳು ಅಪಾಯ ತಂದುಕೊಂಡರೆಂಬ ವರದಿಗಳು ಆಗ ಪತ್ರಿಕೆಗಳಲ್ಲಿ ಬಂದವು. ಹಾಗೆ ಮಾಡಬಾರದೆಂದು ಖನ್ನಾ ಅವರೇ ಪರದೆಯ ಮೇಲೆ ಮಕ್ಕಳಿಗೆ ಬುದ್ಧಿ ಹೇಳಬೇಕಾಯಿತು. ಹಳೆಯದೆಲ್ಲ ನಿರ್ಮಲವಾಗಿತ್ತೆಂದು ಕೊಂಡಾಡುವವರು ಇದನ್ನೂ ನೆನೆಯಬೇಕು. ನಮ್ಮ ಆ ವೀರರ ಸಾಲಿನಲ್ಲಿ ಹೆಣ್ಣುಮಕ್ಕಳು ತಮ್ಮವಳೆಂದು ಹೇಳಿಕೊಳ್ಳಬಹುದಾದ ಒಬ್ಬಳೂ ಇರಲಿಲ್ಲವೆಂಬುದನ್ನೂ ನೆನೆಯಬೇಕು. ನನ್ನ ತಂಗಿ ಆಟದಲ್ಲಿ ಯಾವಾಗಲೂ ರಕ್ಷಿಸಲ್ಪಡುವವಳೇ ಆಗಿದ್ದಳು. ಅವಳಿಗೆ ಆ ಕಾಲದ ಮೇಲೆ ನಮಗಿರುವಷ್ಟು ಮೋಹವಿಲ್ಲ.

ಶಕ್ತಿಮಾನ್ ಮಾತನಾಡುತ್ತಿದ್ದುದು ಹಿಂದಿಯಲ್ಲಿ. ನಮಗೆ ಅರ್ಥವಾಗುತ್ತಿದ್ದುದು ಹೊಡೆದಾಟ ಮಾತ್ರ. ಉಳಿದುದನ್ನು ಊಹಿಸಿಕೊಳ್ಳುತ್ತಿದ್ದೆವು, ತಪ್ಪಾಗಿಯೇ. ಇದಕ್ಕೆ ಕಾರಣ ಎಲ್ಲರಿಗೂ ತಿಳಿದಿದೆ. ಕನ್ನಡ ಚಿತ್ರರಂಗವನ್ನು ಉಳಿಸಿಕೊಳ್ಳಲು 1960ರ ದಶಕದಲ್ಲಿ ಡಬ್ಬಿಂಗ್ ವಿರುದ್ಧ ನಡೆದ ಚಳವಳಿಯು ಅಂದಿನ ಸ್ಥಿತಿಯಲ್ಲಿ ನ್ಯಾಯವಾದುದೇ ಆಗಿತ್ತು. ಆದರೆ ದೊಡ್ಡವರ ಸಿನಿಮಾಕ್ಕೆ ಹಾಕಿದ ಬೇಲಿಯ ಹೊರಗೆ ಮಕ್ಕಳೂ ಉಳಿದುಬಿಟ್ಟರು. ಮಕ್ಕಳಿಗೆಂದೇ ಕನ್ನಡ ಧ್ವನಿಯ ವ್ಯಂಗ್ಯಚಿತ್ರಗಳನ್ನು ತೋರುವ ಚಿಂಟು ಟಿ.ವಿ. ಬಂದದ್ದು 2009ರಲ್ಲಿ. ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗವು ಆದೇಶಿಸಿದ್ದು 2015ರಲ್ಲಿ. ಅಷ್ಟರೊಳಗೆ ಎರಡು ತಲೆಮಾರಿನ ಮಕ್ಕಳು ತಮ್ಮ ನೆಚ್ಚಿನ ವೀರರನ್ನು ಪರಭಾಷೆಯಲ್ಲೇ ಕಂಡು ಬೆಳೆದಿದ್ದರು. ವಿಚಿತ್ರವೇನೆಂದರೆ, ಮಲಯಾಳಂ ಇಲಿಯೊಂದು ಕಾಗದದ ಮೇಲೆ ಅಚ್ಚ ಕನ್ನಡಿಗನಾದಾಗ ಯಾರೂ ಆಕ್ಷೇಪಿಸಲಿಲ್ಲ. ಅದರಿಂದ ಕನ್ನಡಕ್ಕೆ ಕೇಡಾಯಿತೇ? ನನ್ನ ಕಣ್ಣೆದುರಿಗೆ ಒಬ್ಬ ಹುಡುಗನಿಗೆ ಅದು ಕನ್ನಡ ಓದು ಕಲಿಸಿತು. ಈ ವಿಷಯದಲ್ಲಿ ನಮ್ಮ ಹಿರಿಯರು ಎಡವಿದರೆಂದೇ ನನ್ನ ಎಣಿಕೆ.

ಕೇರಳದಲ್ಲಿ ಡಿಂಕನ ಕಥೆ ಬೇರೆಯೇ ತಿರುವು ಪಡೆಯಿತು. 2008ರ ಸುಮಾರಿಗೆ ಕೆಲವು ವಿಚಾರವಾದಿ ತರುಣರು ಅವನನ್ನೇ ದೇವರೆಂದೂ ಪತ್ರಿಕೆಯನ್ನೇ ಪವಿತ್ರ ಗ್ರಂಥವೆಂದೂ ಸಾರಿ, ಧರ್ಮಗಳನ್ನು ಅಣಕಿಸುವ 'ಡಿಂಕಮತ'ವನ್ನು ಹೂಡಿದರು. 2016ರಲ್ಲಿ ಕೋಝಿಕ್ಕೋಡಿನಲ್ಲಿ ಸಮ್ಮೇಳನವೂ ನಡೆಯಿತು. ನಮ್ಮವರಲ್ಲಿ ಕೆಲವರು ಇದನ್ನು ಕೇಳಿ ಕೆರಳುತ್ತಾರೆ. ನನಗೆ ಅಷ್ಟು ಕೋಪ ಬರುವುದಿಲ್ಲ. ಅಣಕಕ್ಕೆ ಕುಸಿಯುವ ವಿಶ್ವಾಸವು ಅಣಕವಿಲ್ಲದೆಯೂ ಕುಸಿದೀತು. ನನ್ನ ದೂರು ಬೇರೆ: ಆ ಗದ್ದಲದಲ್ಲಿ ಇಲಿಯು ದೊಡ್ಡವರ ಜಗಳದ ಆಯುಧವಾಯಿತು, ಮಕ್ಕಳ ಗೆಳೆಯನಾಗಿ ಉಳಿಯಲಿಲ್ಲ. ಅವನನ್ನು ಎತ್ತಿ ಮೆರೆಸುತ್ತಿದ್ದ ಆ ಕಾಲದಲ್ಲೇ, 2012ರಲ್ಲಿ, ಮಲಯಾಳಂ ಪತ್ರಿಕೆ ನಿಂತುಹೋಯಿತು. ಕನ್ನಡದ್ದೂ ನಮ್ಮ ಅಂಗಡಿಗಳಿಂದ ಮರೆಯಾಯಿತು. 1949ರಿಂದ ಕನ್ನಡ ಮನೆಗಳಿಗೆ ಬರುತ್ತಿದ್ದ 'ಚಂದಮಾಮ'ವೂ ಹೆಚ್ಚುಕಡಿಮೆ ಅದೇ ವೇಳೆಗೆ ಕಣ್ಮರೆಯಾಯಿತು.

ಈ ಪತ್ರಿಕೆಗಳನ್ನು ಕೊಂದವರು ಯಾರು? ಟಿ.ವಿ. ಎಂದು ಕೆಲವರು, ಮೊಬೈಲ್ ಎಂದು ಕೆಲವರು. ಮದುವೆಯ ಮನೆಯ ನಾಲ್ವರೂ ಹಾಗೆಯೇ ಹೇಳಿದರು. ಆದರೆ ಅವರ ಮಕ್ಕಳು ಓದುವ ವಯಸ್ಸಿಗೆ ಬಂದ ವರ್ಷಗಳಲ್ಲಿ ಕನ್ನಡದ ಒಂದು ಮಕ್ಕಳ ಪುಸ್ತಕಕ್ಕೆ ಅವರಲ್ಲಿ ಎಷ್ಟು ಮಂದಿ ಹಣ ತೆತ್ತರು? ಇಂಗ್ಲಿಷ್ ಶಾಲೆಯ ಶುಲ್ಕಕ್ಕಾಗಿ ಜಮೀನಿನ ಮೇಲೆ ಸಾಲ ಮಾಡಿದವರನ್ನು ಬಲ್ಲೆ. ಕನ್ನಡ ಓದಿದರೆ ಇಂಗ್ಲಿಷ್ ಕೆಟ್ಟೀತೆಂದು ಪುಸ್ತಕವನ್ನು ಕೈಯಿಂದ ಕಿತ್ತುಕೊಂಡವರನ್ನೂ ಬಲ್ಲೆ. ನಾನೂ ಈ ಪಟ್ಟಿಯ ಹೊರಗಿನವನಲ್ಲ. ನನ್ನ ಮಗಳಿಗೆ ಎಂಟು ವರ್ಷವಾಗಿದ್ದಾಗ ಅಂಗಡಿಯಲ್ಲಿ ಕನ್ನಡದ ಚಿತ್ರಕಥೆಯೊಂದನ್ನು ಹಿಡಿದು ನಿಂತಿದ್ದಳು. ಪರೀಕ್ಷೆ ಮುಗಿಯಲಿ ಎಂದು ಹೇಳಿ ಕರೆದುಕೊಂಡು ಬಂದೆ. ಪರೀಕ್ಷೆ ಮುಗಿಯಿತು, ಪುಸ್ತಕ ಕೊಳ್ಳಲಿಲ್ಲ. ಈಗ ಅವಳು ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ಕೈಬಿಟ್ಟವರೇ ಕೂತು ಕಣ್ಣೀರಿಡುವುದು ನನಗೆ ಸರಿಕಾಣುವುದಿಲ್ಲ.

ದಾರಿಗಳು ಪೂರ್ತಿ ಮುಚ್ಚಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಹಳ್ಳಿಯ ಮಕ್ಕಳನ್ನು ಸೆಳೆಯಲು ಸರ್ಕಾರವು 2020ರ ನವೆಂಬರಿನಲ್ಲಿ 'ಓದುವ ಬೆಳಕು' ಕಾರ್ಯಕ್ರಮವನ್ನು ಆರಂಭಿಸಿತು. ಮಕ್ಕಳಿಗೆ ಸದಸ್ಯತ್ವ ಉಚಿತ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ದಂತಹ ಮಾಸಪತ್ರಿಕೆ ಒಂದು ಪೀಳಿಗೆಯನ್ನೇ ಬೆಳೆಸಿದೆ. ಆದರೆ ಕಪಾಟಿನಲ್ಲಿ ಸ್ಪರ್ಧಾ ಪರೀಕ್ಷೆಯ ಪುಸ್ತಕಗಳನ್ನಷ್ಟೇ ತುಂಬಿಟ್ಟರೆ ಒಂಬತ್ತು ವರ್ಷದ ಹುಡುಗ ಅಲ್ಲಿಗೇಕೆ ಹೋಗುತ್ತಾನೆ? ಅವನಿಗೆ ಬೇಕಾದುದು ಹಾರುವ ಇಲಿ. ಅಥವಾ ಹಾರುವ ಹುಡುಗಿ. ನಮ್ಮ ಸಂಘಗಳು ಪ್ರತಿವರ್ಷ ಪ್ರತಿಭಾ ಪುರಸ್ಕಾರವೆಂದು ಗಾಜಿನ ಫಲಕಗಳನ್ನೂ ಶಾಲುಗಳನ್ನೂ ಹಂಚುತ್ತವೆ. ಆ ಹಣದಲ್ಲಿ ಅರ್ಧವನ್ನು ಕನ್ನಡದ ಕಥೆಪುಸ್ತಕಗಳಿಗೆ, ಅದೂ ಮಕ್ಕಳೇ ಅಂಗಡಿಯಲ್ಲಿ ನಿಂತು ಆರಿಸಿಕೊಂಡ ಪುಸ್ತಕಗಳಿಗೆ, ವ್ಯಯಿಸಬಾರದೇಕೆ? ಅಂಕಪಟ್ಟಿ ನೋಡದೆ ಎಲ್ಲ ಮಕ್ಕಳಿಗೂ ಕೊಡಬಾರದೇಕೆ? ಮೆದೆಯಿಂದ ಹಾರುವವನಿಗೂ ಒಂದು ಸಿಗಲಿ.

ಮದುವೆಯ ಮರುದಿನ ಪಾಂಡವಪುರದಲ್ಲಿ ಬಸ್ಸಿಗಾಗಿ ಕಾಯುತ್ತಿದ್ದಾಗ ಪತ್ರಿಕೆ ಮಾರುವ ಅಂಗಡಿಯೊಂದರಲ್ಲಿ ಮಕ್ಕಳಿಗೆ ಕನ್ನಡದಲ್ಲಿ ಏನಾದರೂ ಇದೆಯೇ ಎಂದು ವಿಚಾರಿಸಿದೆ. ವಯಸ್ಸಾದ ಅಂಗಡಿಯಾತ ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದ. "ಕೇಳೋರೇ ಇಲ್ಲ ಸ್ವಾಮಿ, ಅದಕ್ಕೇ ತರ್ಸಲ್ಲ" ಎಂದ. ತಿಂಗಳಿಗೆ ಎಷ್ಟು ಮಂದಿ ಕೇಳಿದರೆ ತರಿಸುತ್ತೀರಿ ಎಂದೆ. ಸ್ವಲ್ಪ ಯೋಚಿಸಿ ಹೇಳಿದ, "ಹತ್ತು ಜನ ಗ್ಯಾರಂಟಿ ಅಂದ್ರೆ ತರಿಸ್ತೀನಿ." ಆ ನಾಲ್ವರಿಗೂ ಫೋನು ಮಾಡಿದೆ. ಇಬ್ಬರು ಒಪ್ಪಿದ್ದಾರೆ. ನನ್ನದೂ ಸೇರಿ ಮೂರು ಆಯಿತು.